ನಲವತ್ತು ಕಡೆ ಹುಟ್ಟಿದ ಮಾತು

ಆ ಊರು ಎಲ್ಲಿದೆ ಅಂತ ನನ್ನನ್ನು ಕೇಳಬೇಡಿ, ಹೇಳುವುದಿಲ್ಲ. ಹೇಳಿದರೆ ನೀವು ಹೊರಟುಬಿಡುತ್ತೀರಿ. ಹೋದವರು ಸುಮ್ಮನಿರುತ್ತೀರಾ? ಅಲ್ಲಿ ಒಂದು ಮಾತು ಹೆಚ್ಚಿಗೆ ಆಡುತ್ತೀರಿ, ಇಲ್ಲವೇ ಒಂದು ಮಾತು ಕಡಿಮೆ ಆಡುತ್ತೀರಿ. ಆ ಊರಿನಲ್ಲಿ ಎರಡೂ ತಪ್ಪೇ.

ಅಲ್ಲಿ ಮಾತುಗಳೆಲ್ಲ ಮನೆಮನೆಗೆ ಹಂಚಿಹೋಗಿದ್ದವು. ಉಪ್ಪು ಅನ್ನುವ ಮಾತಿಗೆ ಒಂದು ಮನೆ. ಅಳತೆ ಅನ್ನುವ ಮಾತಿಗೆ ಒಂದು ಮನೆ. ಎಚ್ಚರ ಅನ್ನುವ ಮಾತಿಗೆ ಒಂದು ಮನೆ. ಆಕಳಿಕೆಗೂ ಒಂದು ಮನೆಯಿತ್ತು, ಆ ಮನೆಯವರು ಊಟವಾದ ಮೇಲೆ ಯಾರು ಬಡಿದರೂ ಬಾಗಿಲು ತೆಗೆಯುತ್ತಿರಲಿಲ್ಲ. ಮಾತನ್ನು ಆಡುವ ಹಕ್ಕು ಇಡೀ ಊರಿನದು, ಸಾಕುವ ಭಾರ ಮಾತ್ರ ಆ ಒಂದು ಮನೆಯದು.

ವರ್ಷಕ್ಕೊಮ್ಮೆ, ಹೊತ್ತು ನೆತ್ತಿಗೆ ಬಂದಾಗ, ಮನೆಗೊಬ್ಬರು ಬಾವಿಕಟ್ಟೆಯ ಮುಂದೆ ನಿಲ್ಲಬೇಕು. ಒರೆಗಾರ ಬರುತ್ತಾನೆ. ಅವನ ಸೊಂಟದಲ್ಲಿ ಕರಿಯ ಒರೆಗಲ್ಲು ಇರುತ್ತದೆ, ಆದರೆ ಅವನು ಒರೆಗೆ ಹಚ್ಚುವುದು ಚಿನ್ನವನ್ನಲ್ಲ, ಮಾತನ್ನು. ಪ್ರತಿಯೊಬ್ಬರ ಮುಂದೆಯೂ ನಿಂತು ಮೂರೇ ಪ್ರಶ್ನೆ ಕೇಳುತ್ತಾನೆ. ನಿಮ್ಮ ಮಾತು ಎಲ್ಲಿ ಹುಟ್ಟಿತು? ಯಾರಿಗೆ ಹುಟ್ಟಿತು? ಯಾಕೆ ಬದುಕಿದೆ? ಉತ್ತರ ಸರಿಬಂದರೆ ಮಾತು ಇನ್ನೊಂದು ವರ್ಷ ಬಾಳುತ್ತದೆ. ತಪ್ಪಿದರೆ ಬಾವಿಗೆ ಹೋಗುತ್ತದೆ.

ಬಾವಿಗೆ ಹಾಕುವುದೂ ಸುಲಭವಲ್ಲ. ಅಳುವಿನ ಮಾತನ್ನು ಅಳುತ್ತ ಹೇಳಿ ಬಿಡಬೇಕು, ಸಿಟ್ಟಿನ ಮಾತನ್ನು ಸಿಟ್ಟಿನಿಂದಲೇ ಹೇಳಿ ಬಿಡಬೇಕು. ಒಣ ಗಂಟಲಿನಲ್ಲಿ ಹೇಳಿದರೆ ಬಾವಿ ಅದನ್ನು ಹಾಗೇ ವಾಪಸು ಕೂಗುತ್ತದೆ. ಸರಿಯಾಗಿ ಹೇಳಿದರೆ ಬಾವಿ ಸುಮ್ಮನಾಗುತ್ತದೆ. ಆಮೇಲೆ ಆ ಮಾತಿನ ಮನೆಯವರು ಕಟ್ಟೆ ಮುಟ್ಟಿ ‘ಇದೇ’ ಅಂತ ಸಾಕ್ಷಿ ಹೇಳಬೇಕು, ಮುಚ್ಚಳದವರಿಬ್ಬರು ಕಲ್ಲಿನ ಮುಚ್ಚಳ ಎಳೆಯಬೇಕು. ಮುಚ್ಚಳ ಬಿತ್ತೋ, ಮುಗಿಯಿತು. ಒರೆಗಾರನಿಗೆ ಮೂರು ಮಧ್ಯಾಹ್ನದ ಗಡುವು. ಆ ಮೂರು ದಿನ ಅವನು ಆ ಮನೆಯಲ್ಲೇ ಉಂಡು, ಕೂತು, ಆ ಮಾತನ್ನು ಹೇಗೆ ಹೇಳುವುದೆಂದು ಅವರಿಂದಲೇ ಕಲಿಯಬೇಕು. ಮೂರು ಸಲವೂ ಬಾವಿ ವಾಪಸು ಕೂಗಿದರೆ ಮಾತು ಉಳಿಯಿತು.

ಮಾತು ಹೋದರೆ ಏನಂತೆ, ಬೇರೆ ಮಾತಿಲ್ಲವೇ ಅಂತ ನೀವು ಅನ್ನಬಹುದು. ಅನ್ನಿ, ನನಗೇನು. ಆ ಊರಿನಲ್ಲಿ ಮಾತಿನ ಹಿಂದೆಯೇ ಆ ವಸ್ತುವೂ ಹೋಗುತ್ತಿತ್ತು. ಹಿಂದೆ ‘ಮುನಿಸು’ ಅನ್ನುವ ಮಾತು ಬಾವಿಗೆ ಹೋಯಿತು. ಅಂದಿನಿಂದ ಗಂಡ ಹೆಂಡಿರು ಒಂದೋ ಕಿತ್ತಾಡಿದರು, ಇಲ್ಲ ಮಾತೇ ಬಿಟ್ಟರು. ಮುಖ ತಿರುಗಿಸಿಕೊಂಡು ಕೂರುವುದು, ಬಂದು ಕರೆಯಲಿ ಅಂತ ಕಾಯುವುದು, ಕರೆದಾಗ ಸೋಲುವುದು, ಅದೆಲ್ಲ ಯಾರಿಗೂ ನೆನಪೇ ಇಲ್ಲ. ಆಮೇಲೆ ‘ಹಟ’ ಹೋಯಿತು. ಆ ಮಾತನ್ನು ಸಾಕಿದ ಮನೆಯಲ್ಲಿ ಒಬ್ಬ ಮುದುಕನಿದ್ದ, ಊರು ಉತ್ತರಕ್ಕೆ ಹೋದರೆ ಅವನು ದಕ್ಷಿಣಕ್ಕೆ. ಮುಚ್ಚಳ ಬಿದ್ದ ಗಳಿಗೆಯಿಂದ ಹೇಳಿದ್ದಕ್ಕೆಲ್ಲ ಹೂಂ ಅಂದ, ಕೊಟ್ಟ ಗಂಜಿ ಕುಡಿದ, ತಿಂಗಳೊಳಗೆ ಸತ್ತ. ಸಾಯುವುದಿಲ್ಲ ಅನ್ನುವುದಕ್ಕೂ ಹಟ ಬೇಕಲ್ಲ, ಪಾಪ.

ಈಗ ನಮ್ಮ ಕತೆಯ ಮನೆಗೆ ಬರೋಣ. ಆ ಊರಿನ ಪಡುವಣ ಬೀದಿಯಲ್ಲಿ ‘ಹಿಗ್ಗು’ ಅನ್ನುವ ಮಾತಿನ ಮನೆ. ಮನೆಯಲ್ಲಿ ಇಬ್ಬರೇ ಹೆಂಗಸರು, ಅತ್ತೆ ಮತ್ತು ಸೊಸೆ. ಅತ್ತೆಗೆ ಎಂಬತ್ತು ದಾಟಿತ್ತು, ಕಾಲು ಬಿದ್ದುಹೋಗಿ ಮಂಚ ಹಿಡಿದಿದ್ದಳು. ಕೈ ಮತ್ತು ಬಾಯಿ ಮಾತ್ರ ಹದಿನೆಂಟರ ಹಾಗೆಯೇ ಇದ್ದವು. ಸೊಸೆ ಅಳತೆಯ ಮನೆಯ ಮಗಳು. ಹಾಲು ಕಾಯಿಸಿದರೆ ಒಂದು ಹನಿ ಉಕ್ಕದು, ಮಾತಾಡಿದರೆ ಒಂದು ಅಕ್ಷರ ಜಾಸ್ತಿಯಾಗದು. ನಗುವುದು ಅವಳಿಗೆ ಬರುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನೆಂಟರು, ನೆರೆಯವರು ಇದನ್ನೇ ಆಡಿಕೊಂಡಾಗ ಅತ್ತೆ ಒಬ್ಬಳೇ ಆಡಿಕೊಳ್ಳಲಿಲ್ಲ. ‘ಬಿಡ್ರೇ, ನಮ್ಮನೇಲಿ ನಗೋಕೆ ನಾನಿದೀನಿ, ಅಳೆಯೋಕೆ ಒಬ್ಬಳು ಬೇಕಿತ್ತು’ ಅಂದಿದ್ದಳು. ಆ ಒಂದು ಮಾತಿಗೆ ಸೊಸೆ ಅವಳಿಗೆ ಸೋತುಹೋದಳು. ಗಂಡ ತೀರಿಕೊಂಡ ಮೇಲೂ ತವರಿಗೆ ಹೋಗಲಿಲ್ಲ. ಅತ್ತೆಯೆಂದರೆ ಅವಳಿಗೆ ಪ್ರಾಣ.

ನಲವತ್ತು ವರ್ಷ ಅತ್ತೆಯೇ ಬಾವಿಕಟ್ಟೆಗೆ ಹೋಗಿದ್ದಳು. ನಲವತ್ತು ವರ್ಷವೂ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು, ಹಳೆಯ ಒರೆಗಾರನೂ ನಕ್ಕು, ಕಣ್ಣೊರೆಸಿಕೊಂಡು, ‘ಹೋಗಮ್ಮ, ಹೋಗು’ ಅಂದಿದ್ದ. ಈ ವರ್ಷ ಅತ್ತೆಗೆ ಏಳಲಾಗದು. ಹಳೆಯ ಒರೆಗಾರನೂ ಇಲ್ಲ. ಹೊಸಬ ಬಂದಿದ್ದ, ಎಚ್ಚರದ ಮನೆಯ ಮಗ. ದೊಡ್ಡ ಮೀಸೆ, ಸಣ್ಣ ಬಾಯಿ. ಬಂದವನೇ ವರ್ಷವರ್ಷದ ಉತ್ತರ ಬರೆದಿಟ್ಟ ಹಳೆಯ ಓಲೆಗರಿಗಳನ್ನೆಲ್ಲ ಬಿಚ್ಚಿಸಿ ಓದಿದನಂತೆ ಅನ್ನುವ ಸುದ್ದಿ ಬೆಳಿಗ್ಗೆಯೇ ಬೀದಿಗೆ ಬಂತು.

ಸೊಸೆ ಮಂಚದ ಹತ್ತಿರ ಬಂದು ಕೇಳಿದಳು.

‘ಅತ್ತೆ, ಹಿಗ್ಗು ಹುಟ್ಟಿದ್ದು ಎಲ್ಲಿ? ಸರಿಯಾಗಿ ಹೇಳಿ.’

‘ಒಂದ್ ವರ್ಷ ದೋಣಿ ಅಂದಿದ್ದೆ. ಬಿರುಕು ಬಿಟ್ಟಿದ್ದ ದೋಣಿ ನೀರಲ್ಲಿ ನೆನೆದು, ಹಿಗ್ಗಿ, ತನ್ನ ಬಿರುಕು ತಾನೇ ಮುಚ್ಕೊಂಡಿತ್ತು. ಅದನ್ನ ನೋಡಿ ದೋಣಿಯವನ ಬಾಯಲ್ಲಿ ಹುಟ್ತು ಅಂದೆ.’

‘ಅದು ನಿಜವಾ?’

‘ಇನ್ನೊಂದ್ ವರ್ಷ ಹಸುವಿನ ಕೆಚ್ಚಲು ಅಂದೆ. ಇನ್ನೊಂದ್ ವರ್ಷ ಅನ್ನದ ಮಡಕೆ. ಹಿಡಿ ಅಕ್ಕಿ ಹಾಕಿದ್ ಬಾಣಂತಿ ಮುಚ್ಚಳ ತೆಗೆದು ನೋಡ್ತಾಳೆ, ಅನ್ನ ಕುತ್ತಿಗೆಗೆ ಬಂದಿದೆ. ಒಂದ್ ವರ್ಷ, ಅಯ್ಯೋ ಅದು ಚೆನ್ನಾಗಿತ್ತು ಕಣೇ, ಹೆಣ ಹೊತ್ಕೊಂಡು ಹೋಗ್ತಿದ್ರೆ ಹೆಣ ಸೀನ್ತು ಅಂದೆ. ಹೊತ್ತವರ ಬಾಯಲ್ಲಿ ಹುಟ್ತು ಅಂದೆ.’

‘ಅತ್ತೆ! ಇದರಲ್ಲಿ ಯಾವುದು ನಿಜ?’

‘ನಂಗೇನೇ ಗೊತ್ತು? ಆ ವರ್ಷ ಎಲ್ಲಿ ಕಂಡ್ನೋ ಅಲ್ಲಿ ಹುಟ್ತು ಅಂತ ಹೇಳ್ದೆ.’

ಸೊಸೆ ತಲೆ ಮೇಲೆ ಕೈಹೊತ್ತು ಕೂತಳು.

ಬಾವಿಕಟ್ಟೆಯಲ್ಲಿ ಆದದ್ದೂ ಅದೇ. ಒರೆಗಾರ ಒಂದೊಂದೇ ಓಲೆಗರಿ ಎತ್ತಿ ಊರಿಗೆ ಕೇಳುವಂತೆ ಓದಿದ. ದೋಣಿ. ಕೆಚ್ಚಲು. ಮಡಕೆ. ಹೆಣ. ನಲವತ್ತು ಓಲೆ, ನಲವತ್ತು ಹುಟ್ಟು. ಮೊದಲು ಕೇಳಿ ನಕ್ಕಿದ್ದ ಜನವೇ ಈಗ ನೆಲ ನೋಡುತ್ತ ನಿಂತರು. ‘ನಲವತ್ತು ಕಡೆ ಹುಟ್ಟಿದ್ದು ಒಂದು ಕಡೆಯೂ ಹುಟ್ಟಲಿಲ್ಲ ಅಂತ ತಾನೇ ಅರ್ಥ?’ ಅಂದ ಒರೆಗಾರ. ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ. ಎಚ್ಚರದ ಮನೆಯವನು, ನಾಳೆ ಇನ್ನಾವ ಮಾತು ಹೀಗೆ ಕೈತಪ್ಪುತ್ತದೋ ಅನ್ನುವ ಭಯ ಅವನಿಗೆ. ‘ಹೇಳಮ್ಮ. ಎಲ್ಲಿ ಹುಟ್ಟಿತು?’

ಸೊಸೆ ನಲವತ್ತೊಂದನೆಯದನ್ನು ಕಟ್ಟಿ ಹೇಳಬಹುದಿತ್ತು. ಅಳತೆಯ ಮನೆಯ ಮಗಳ ಬಾಯಿಗೆ ಅದು ಬರಲಿಲ್ಲ.

‘ಗೊತ್ತಿಲ್ಲ’ ಅಂದಳು.

ಹಾಗೆ ಹಿಗ್ಗು ಬಾವಿಯ ಪಾಲಿಗೆ ಬಂತು. ಮೂರು ಮಧ್ಯಾಹ್ನದ ಗಡುವು ಶುರುವಾಯಿತು. ಮನೆಗೆ ನಡೆದು ಬರುವಾಗ ಸೊಸೆಯ ಕಣ್ಣ ಮುಂದೆ ಇದ್ದದ್ದು ಹಟದ ಮನೆಯ ಮುದುಕ, ಹೂಂ ಹೂಂ ಅನ್ನುತ್ತ ಗಂಜಿ ಕುಡಿಯುತ್ತಿದ್ದವನು. ಅತ್ತೆಯ ಕಾಲು ಹೋಗಿತ್ತು, ಹಲ್ಲು ಹೋಗಿತ್ತು, ಹೆತ್ತ ಮಗನೂ ಹೋಗಿದ್ದ. ಅವಳೊಳಗೆ ಉಳಿದಿದ್ದದ್ದು ಆ ಒಂದು ಮಾತು. ಅದನ್ನೂ ತೆಗೆದರೆ ಮಂಚದ ಮೇಲೆ ಉಳಿಯುವುದೇನು?

ಮೊದಲ ದಿನ ಒರೆಗಾರ ಬಂದು ಮಂಚದ ಪಕ್ಕ ಚಾಪೆಯ ಮೇಲೆ ಕೂತ. ಅವನಿಗೆ ಸೊಸೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದಳು. ಉಂಡು, ಕೈ ತೊಳೆದು, ಓಲೆಯ ಮೇಲೆ ಗೀರಿ ಬರೆಯುವ ಕಂಟ ತೆಗೆದು ಸಿದ್ಧನಾದ.

‘ಹಿಗ್ಗು ಅಂದರೆ ಏನಮ್ಮ?’

‘ಒಳಗಿರೋದು ತಾನಿರೋ ಜಾಗಕ್ಕಿಂತ ದೊಡ್ಡದಾಗೋದು ಕಣಪ್ಪ’ ಅಂದಳು ಅತ್ತೆ. ‘ಬರ್ಕೊಂಡ್ಯಾ? ಇರು, ತಪ್ಪಾಯ್ತು. ದೊಡ್ಡದಾದ್ರೂ ಯಾರಿಗೂ ಇಕ್ಕಟ್ಟಾಗಲ್ಲ ಅಂತಾನೂ ಬರ್ಕೋ.’

ಅವನು ಎರಡನ್ನೂ ಬರೆದುಕೊಂಡ. ಹೊತ್ತು ನೆತ್ತಿಗೆ ಬಂದಾಗ ಬಾವಿಗೆ ಬಾಗಿ, ಬರೆದದ್ದನ್ನು ನೆನೆದು, ‘ಹಿಗ್ಗು’ ಅಂದ. ಬಾವಿ ಅಷ್ಟೇ ಒಣಗಿದ ದನಿಯಲ್ಲಿ ‘ಹಿಗ್ಗು’ ಅಂತ ವಾಪಸು ಕೂಗಿತು.

ಎರಡನೆಯ ದಿನ ಅತ್ತೆ ಅವನಿಗೆ ನಲವತ್ತು ಹುಟ್ಟಿನ ಕತೆಯನ್ನೂ ಹೇಳಿದಳು. ಹೆಣ ಸೀನಿದ ಕತೆ ಬಂದಾಗ, ಹೊರಗೆ ನೀರಿಗೆ ಹೋಗುತ್ತಿದ್ದವರು ಕೊಡ ಇಳಿಸಿ ನಕ್ಕರು. ಒರೆಗಾರ ಮಾತ್ರ, ‘ಸೀನಿದ್ದು ಯಾವ ಹೊತ್ತಿನಲ್ಲಿ?’ ಅಂತ ಕೇಳಿದ. ಅಂದು ಮಧ್ಯಾಹ್ನ ಅವನು ಬಾವಿಯ ಮೇಲೆ ತುಟಿ ಅಗಲಿಸಿ, ಹಲ್ಲು ತೋರಿಸಿ, ‘ಹ್ಹ ಹ್ಹ, ಹಿಗ್ಗು’ ಅಂದ. ಬಾವಿಯೂ ‘ಹ್ಹ ಹ್ಹ, ಹಿಗ್ಗು’ ಅಂತ ಕೂಗಿತು. ಯಾರೋ ಕಿಸಕ್ಕೆಂದರು. ಒರೆಗಾರನ ಮುಖ ಕೆಂಪಗಾಯಿತು.

ಸೊಸೆಗೆ ಒಳಗೊಳಗೇ ಖುಷಿ. ಒಳ್ಳೆಯ ಖುಷಿಯಲ್ಲ, ಅವಳಿಗೇ ಗೊತ್ತಿತ್ತು. ಇನ್ನೊಂದೇ ಸಲ ಹೀಗೆ ಸೋತುಬಿಡಲಿ, ಸಾಕು. ಸಂಜೆ ಅತ್ತೆಯ ಕಾಲು ಒತ್ತುತ್ತ ಹೇಳಿದಳು.

‘ಅತ್ತೆ, ನಾಳೆ ಅವನಿಗೆ ಏನೂ ಕಲಿಸಬೇಡಿ. ಕಲಿಸಿದರೂ ತಪ್ಪು ಕಲಿಸಿ.’

‘ತಪ್ಪು ಕಲಿಸೋಕೆ ನಂಗೆ ಬರಲ್ಲ ಕಣೇ.’

‘ಬರಲ್ಲ ಅಂದರೇನು? ಅವನು ಸರಿಯಾಗಿ ಹೇಳಿದರೆ ನಿಮ್ಮ ಮಾತು ಹೋಗುತ್ತೆ. ನೀವು ಹೋಗ್ತೀರಿ. ನನಗೆ ಯಾರಿದಾರೆ?’

ಸೊಸೆಯ ದನಿ ಅಳತೆ ಮೀರಿದ್ದು ಅದೇ ಮೊದಲು. ಅತ್ತೆ ಅವಳ ತಲೆ ಸವರಿದಳು.

‘ಆ ಹುಡ್ಗ ಹಸಿದು ಬಂದಿದಾನೆ ಕಣಮ್ಮ. ಹಸಿದವನ ಮುಂದೆ ಖಾಲಿ ತಟ್ಟೆ ಇಡು ಅಂತೀಯಲ್ಲ, ನಿನ್ನ ಕೈಯಲ್ಲಾಗುತ್ತಾ?’

ಮೂರನೆಯ ದಿನ ಒರೆಗಾರ ಬಂದ. ಕಂಟವನ್ನೂ ತರಲಿಲ್ಲ, ಓಲೆಯನ್ನೂ ತರಲಿಲ್ಲ. ಕೂತವನು ತಾನಾಗಿಯೇ ಹೇಳಿದ.

‘ಅಮ್ಮ, ಇದು ನನಗೆ ಒಲಿಯೋ ಮಾತಲ್ಲ. ನಮ್ಮನೆಯಲ್ಲಿ ಹಾಲು ಕುಡಿಸುವಾಗಲೇ ಬಿದ್ದೀಯ, ಒಡೆದೀಯ, ಚೆಲ್ಲೀಯ ಅಂತ ಹೇಳಿ ಕುಡಿಸ್ತಿದ್ರು. ನಕ್ಕರೆ ನೆತ್ತಿಗೆ ಹತ್ತುತ್ತೆ ಅಂತಿದ್ರು. ನಾನು ನಕ್ಕ ನೆನಪೇ ಇಲ್ಲ.’

ಮಂಚದ ಮೇಲೆ ನೆನೆಸಿದ ಅವರೆಕಾಳಿನ ಬೋಗುಣಿ ಇತ್ತು, ಅತ್ತೆ ಅದನ್ನು ಅವನ ಮುಂದೆ ತಳ್ಳಿದಳು. ‘ಸುಮ್ನೆ ಕೂತು ಏನ್ ಮಾಡ್ತೀಯ? ಹಿತುಕು. ಮಧ್ಯಾಹ್ನಕ್ಕೆ ಸಾರಾಗಬೇಕು.’

ಅವರೆಕಾಳು ಹಿತುಕಿದವರಿಗೆ ಗೊತ್ತು, ಅದು ಹೇಳಿದ ಮಾತು ಕೇಳುವ ಕಾಳಲ್ಲ. ಬೆರಳ ಸಂದಿಯಲ್ಲಿ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿಯುತ್ತದೆ, ಬೇಳೆ ತನ್ನಿಷ್ಟ ಬಂದ ಕಡೆ ಹಾರುತ್ತದೆ. ಒರೆಗಾರ ಎಚ್ಚರದಿಂದ ಹಿಡಿದ, ಎಚ್ಚರದಿಂದ ಒತ್ತಿದ. ಬೇಳೆ ಚಂಗನೆ ಹಾರಿ ಅತ್ತೆಯ ಕೆನ್ನೆಗೆ ಬಡಿಯಿತು.

‘ಅಯ್ಯಯ್ಯೋ!’ ಅಂತ ಅತ್ತೆ ಕೆನ್ನೆ ಮುಟ್ಟಿಕೊಂಡಳು. ‘ಎಂಬತ್ತು ವರ್ಷದ ಮೇಲೆ ಒಬ್ಬ ಗಂಡಸು ನನ್ನ ಕೆನ್ನೆಗೆ ಗುರಿ ಇಟ್ಟನಲ್ಲೇ! ಲೇ ಸೊಸೆ, ಕನ್ನಡಿ ತಾರೇ, ಹಾಳಾದ್ದು ಬೈತಲೆಯಾದರೂ ನೆಟ್ಟಗಿದೆಯಾ ನೋಡ್ಕೋತೀನಿ!’

ಒರೆಗಾರನ ಕಿವಿ ಕೆಂಪಾಯಿತು. ತುಟಿಯ ಒಂದು ತುದಿ ಅಲುಗಿತು. ಆದರೆ ಎಚ್ಚರದ ಮನೆಯ ಮಗ, ಅದನ್ನು ಹಿಡಿದು ನಿಲ್ಲಿಸಿದ. ತಲೆ ಬಗ್ಗಿಸಿ ಹಿತುಕಿದ, ಹಿತುಕಿದ. ಬೇಳೆಗಳು ಸೂರಿಗೆ ಹಾರಿದವು, ಒಲೆಗೆ ಹಾರಿದವು. ಒಂದು ಬೇಳೆ ನೇರ ಮೇಲೆ ಹಾರಿ ಅವನ ದೊಡ್ಡ ಮೀಸೆಯೊಳಗೇ ಸಿಕ್ಕಿಕೊಂಡಿತು. ಅವನಿಗೆ ತಿಳಿಯಲಿಲ್ಲ. ಅತ್ತೆಯ ಮಬ್ಬುಗಣ್ಣಿಗೆ ಕಾಣಲಿಲ್ಲ.

ಸೊಸೆಗೆ ಕಂಡಿತು. ಅವಳು ಎದುರಿನವರ ಸೆರಗಿನಲ್ಲಿ ಒಂದು ನೂಲು ನೇತಾಡಿದರೂ ಹೇಳದೆ ಬಿಡುವವಳಲ್ಲ. ಈಗ ಬಾಯಿ ಬಿಡಲಿಲ್ಲ. ಹೋಗಲಿ, ಹೀಗೇ ಹೋಗಲಿ. ಊರೆಲ್ಲ ನೋಡಿ ನಗಲಿ, ನಾಚಿಕೆಗೆ ಅವನ ಗಂಟಲು ಇನ್ನಷ್ಟು ಒಣಗಲಿ. ಹೀಗೆ ಅಂದುಕೊಂಡು, ಸೆರಗು ಸುತ್ತಿಕೊಂಡು, ಅವನ ಹಿಂದೆ ನಡೆದಳು.

ಪಡುವಣ ಬೀದಿ ದಾಟಿದರು, ಉಪ್ಪಿನ ಮನೆ ದಾಟಿದರು, ಆಕಳಿಕೆಯ ಮನೆ ದಾಟಿದರು. ಒರೆಗಾರ ಗಂಭೀರವಾಗಿ ನಡೆದ, ಮೀಸೆಯಲ್ಲಿ ಬಿಳಿಯ ಅವರೆಬೇಳೆ ಗಂಭೀರವಾಗಿ ಕೂತಿತ್ತು. ಎದುರಿಗೆ ಬಂದವರೆಲ್ಲ ನೋಡಿದರು. ಅವನಿಗೆ ಹೇಳುವ ಧೈರ್ಯ ಯಾರಿಗಿದೆ? ಒಬ್ಬರು ಕೆಮ್ಮಿದರು, ಒಬ್ಬರು ಸೆರಗು ಬಾಯಿಗೆ ತುರುಕಿಕೊಂಡರು. ಎಲ್ಲರೂ ಬಾವಿಕಟ್ಟೆಗೆ ಬಂದು ನಿಂತರು. ಮುಚ್ಚಳದವರಿಬ್ಬರು ಕಲ್ಲಿಗೆ ಕೈ ಹಚ್ಚಿದರು.

ಹೊತ್ತು ನೆತ್ತಿಗೆ ಬಂತು. ಒರೆಗಾರ ಕಟ್ಟೆಯ ಮೇಲೆ ಎರಡೂ ಕೈ ಊರಿದ. ಬಾಗಿದ. ಉಸಿರು ಎಳೆದುಕೊಂಡ. ಆಗ ಮೀಸೆಯಿಂದ ಬೇಳೆ ಜಾರಿತು.

ಟುಳುಕ್.

ಒರೆಗಾರ ಬಾವಿಯೊಳಗೆ ನೋಡಿದ. ಬೇಳೆ ಬಿದ್ದಲ್ಲಿ ನೀರು ಉಂಗುರ ಉಂಗುರವಾಗಿ ಹರಡುತ್ತಿತ್ತು, ಅದರ ನಡುವೆ ಅವನ ಮುಖ, ಆ ಮುಖದಲ್ಲಿ ಆ ಮೀಸೆ ಅಲ್ಲಾಡುತ್ತಿತ್ತು. ಮೆಲ್ಲಗೆ ಮೀಸೆ ಮುಟ್ಟಿ ನೋಡಿಕೊಂಡ. ತಲೆಯೆತ್ತಿ ಊರನ್ನು ನೋಡಿದ. ಸೆರಗು ತುರುಕಿಕೊಂಡ ಬಾಯಿಗಳನ್ನು ನೋಡಿದ.

‘ಮನೆಯಿಂದ ಇಲ್ಲೀತನಕ?’ ಅಂತ ಕೇಳಿದ.

ಮುಚ್ಚಳದವನೊಬ್ಬ ತಡೆಯಲಾರದೆ ಹೂಂ ಅಂತ ತಲೆಯಾಡಿಸಿದ.

ಅಷ್ಟೇ ನೋಡಿ. ಒರೆಗಾರನ ಹೊಟ್ಟೆಯ ಅಡಿಯಿಂದ ಏನೋ ಎದ್ದಿತು. ಅದು ಎದೆಗೆ ಬಂತು, ಎದೆಯಲ್ಲಿ ಹಿಡಿಸದೆ ಗಂಟಲಿಗೆ ಬಂತು, ಗಂಟಲಿನಲ್ಲಿ ಹಿಡಿಸದೆ ಹೊರಗೆ ಬಂತು. ಅವನು ನಕ್ಕ. ಮೂವತ್ತು ವರ್ಷ ಹಿಡಿದಿಟ್ಟಿದ್ದನ್ನೆಲ್ಲ ನಕ್ಕ. ಸೊಂಟದ ಒರೆಗಲ್ಲು ಕಟ್ಟೆಗೆ ಟಕಟಕ ಬಡಿಯಿತು. ನಗುನಗುತ್ತಲೇ, ಕಣ್ಣೀರು ಸುರಿಸುತ್ತಲೇ, ಬಾವಿಗೆ ಬಾಗಿ ‘ಹಿಗ್ಗು’ ಅಂದ. ಕೆಲಸ ಕೆಲಸವೇ ತಾನೇ, ಎಚ್ಚರದ ಮನೆಯವನು.

ಬಾವಿ ಸುಮ್ಮನಾಯಿತು.

ನಗುತ್ತಿದ್ದ ಊರೂ ಸುಮ್ಮನಾಯಿತು. ಎಲ್ಲರಿಗೂ ಅರ್ಥವಾಯಿತು, ಅವನು ಸರಿಯಾಗಿ ಹೇಳಿಬಿಟ್ಟಿದ್ದ. ಅವನಿಗೂ ಅರ್ಥವಾಯಿತು. ನಗು ಇನ್ನೂ ಮುಖದ ಮೇಲಿರುವಾಗಲೇ ಕಣ್ಣು ಗಾಬರಿಯಾಯಿತು. ಸೊಸೆಯ ಕಡೆ ತಿರುಗಿ, ಹೇಳಲೇಬೇಕಾದ್ದನ್ನು ಹೇಳಿದ.

‘ಮನೆಯವಳೇ, ಕಟ್ಟೆ ಮುಟ್ಟಿ ಹೇಳು. ಇದೇನಾ?’

‘ಅಲ್ಲ’ ಅಂದರೆ ಸಾಕಿತ್ತು. ಅಲ್ಲ ಅಂದರೆ ಮಾತು ಉಳಿಯುತ್ತಿತ್ತು, ಅತ್ತೆ ಉಳಿಯುತ್ತಿದ್ದಳು. ಸೊಸೆ ಕಟ್ಟೆಯ ಮೇಲೆ ಕೈಯಿಟ್ಟಳು. ನಾಲಗೆಯ ತುದಿಗೆ ಅಲ್ಲ ಬಂದಿತ್ತು. ಎದುರಿಗೆ ಒರೆಗಾರನ ಒದ್ದೆ ಮುಖವಿತ್ತು, ಆಗಷ್ಟೇ ಹೆತ್ತವಳ ಮುಖದ ಹಾಗೆ ಸುಸ್ತಾಗಿ, ಬೆಳಗುತ್ತಿತ್ತು. ತನ್ನ ಕಣ್ಣಾರೆ ಕಂಡದ್ದನ್ನು ಇಲ್ಲ ಅನ್ನುವುದು ಹೇಗೆ? ಬಾವಿ ಒಂದು ಸಲ ಕೊಂದರೆ ತಾನು ಇನ್ನೊಂದು ಸಲ ಕೊಂದ ಹಾಗಾಗದೇ?

‘ಇದೇ’ ಅಂದಳು.

ಊರು ಅಯ್ಯೋ ಅಂದಿತು. ಮುಚ್ಚಳದವರು ಕಲ್ಲು ಎಳೆದರು. ಕಲ್ಲು ಕಿರ್ ಅಂತ ಒಂದು ಗೇಣು ಸರಿಯಿತು.

‘ನಿಲ್ಲಿ!’ ಅಂದಳು ಸೊಸೆ. ಅವಳ ದನಿ ಅಷ್ಟು ದೊಡ್ಡದಿದೆ ಅಂತ ಅವಳಿಗೇ ಗೊತ್ತಿರಲಿಲ್ಲ. ‘ಒರೆಗಾರ್ರೇ, ಮುಚ್ಚಳ ಬೀಳುವ ಮುಂಚೆ ನಿಮ್ಮ ಮೂರು ಪ್ರಶ್ನೆ ಇನ್ನೊಂದು ಸಲ ಕೇಳಿ. ಅವತ್ತು ಗೊತ್ತಿಲ್ಲ ಅಂದೆ. ಅವತ್ತು ಗೊತ್ತಿರಲಿಲ್ಲ. ಈಗ ಗೊತ್ತು.’

ಒರೆಗಾರ ಕಣ್ಣೊರೆಸಿಕೊಂಡ. ನೆಟ್ಟಗೆ ನಿಂತ. ಒರೆಗಲ್ಲಿನ ಮೇಲೆ ಕೈಯಿಟ್ಟ.

‘ಹಿಗ್ಗು ಎಲ್ಲಿ ಹುಟ್ಟಿತು?’

‘ಇಲ್ಲಿ. ಈ ಬಾವಿಕಟ್ಟೆಯ ಮೇಲೆ, ನೀವು ಎರಡೂ ಕೈ ಊರಿದ ಜಾಗದಲ್ಲಿ.’

‘ಯಾರಿಗೆ ಹುಟ್ಟಿತು?’

‘ನಿಮಗೆ. ಹುಟ್ಟುವಾಗ ಊರೆಲ್ಲ ನಿಂತು ನೋಡಿದೆ. ಈ ಊರಿನಲ್ಲಿ ಇಷ್ಟು ಜನ ಸಾಕ್ಷಿ ಇರುವ ಮಾತು ಬೇರೆ ಯಾವುದಿದೆ, ತೋರಿಸಿ. ನಮ್ಮತ್ತೆ ಹೇಳಿದ್ದು ನಲವತ್ತು ಸುಳ್ಳಲ್ಲ. ಅದು ನಲವತ್ತು ಸಲ ಹುಟ್ಟಿದ್ದನ್ನ ಅವರು ಕಂಡಿದ್ರು. ನಾನು ಕಂಡಿದ್ದು ಇವತ್ತು ಒಂದು.’

ಒರೆಗಾರ ಮೂರನೆಯದನ್ನು ಕೇಳಲು ಬಾಯಿ ತೆರೆದ.

‘ಯಾಕೆ ಬದುಕಿದೆ?’

‘ನನ್ನನ್ನೇನು ಕೇಳ್ತೀರಿ?’ ಅಂದಳು ಸೊಸೆ. ‘ಅದನ್ನ ಮುಳುಗಿಸೋಕೆ ಅಂತ ಮೂರು ದಿನದಿಂದ ಬರ್ತಿರೋರು ನೀವು. ಹೆತ್ತೋರೂ ನೀವೇ. ನೀವೇ ಹೇಳಿ.’

ಒರೆಗಾರ ಹೋಗಿ ಮುಚ್ಚಳದವರ ಕೈಗಳನ್ನು ಕಲ್ಲಿನ ಮೇಲಿಂದ ಒಂದೊಂದಾಗಿ ಬಿಡಿಸಿದ. ಆಮೇಲೆ ಕಟ್ಟೆಯ ಮೇಲೆ ಕುಸಿದು ಕೂತು, ಮತ್ತೆ ಮೀಸೆ ಮುಟ್ಟಿಕೊಂಡು, ಮತ್ತೆ ನಗತೊಡಗಿದ. ಈ ಸಲ ಊರೂ ನಗು ತಡೆದುಕೊಳ್ಳಲಿಲ್ಲ.

ಸೊಸೆ ಅಲ್ಲಿ ನಿಲ್ಲಲಿಲ್ಲ. ಓಡಿದಳು. ಹುಟ್ಟಿದಾಗಿನಿಂದ ಹೆಜ್ಜೆ ಅಳೆದು ಇಟ್ಟವಳು ನಡುಬೀದಿಯಲ್ಲಿ ಸೀರೆ ಎತ್ತಿಕೊಂಡು ಓಡಿದಳು. ಬಾಗಿಲು ದೂಡಿಕೊಂಡು ಬಂದು ಮಂಚದ ಹತ್ತಿರ ಕುಕ್ಕರಿಸಿದಳು. ಏದುಸಿರಿನಲ್ಲಿ ಅವಳ ಭುಜ ಕುಲುಕುತ್ತಿತ್ತು.

ಅತ್ತೆ ಕತ್ತು ಎತ್ತಿದಳು. ಅವಳ ಮುಖ ಬಿಳಿಚಿಕೊಂಡಿತ್ತು. ಎಂಬತ್ತು ವರ್ಷದಲ್ಲಿ ಅವಳು ಹೆದರಿದ್ದನ್ನು ಆ ಮನೆಯ ಗೋಡೆಯೂ ನೋಡಿರಲಿಲ್ಲ.

‘ಅಳ್ತಿದೀಯೇನೇ? ಹೋಯ್ತೇನೇ ಮಾತು?’

‘ಅತ್ತೆ, ಅವನ ಮೀಸೆ…’ ಅಂದಳು ಸೊಸೆ. ಮುಂದಕ್ಕೆ ಹೋಗಲಾಗಲಿಲ್ಲ. ‘ಮೀಸೇಲಿ… ಬೇಳೆ… ಟುಳುಕ್ ಅಂತ…’ ಅಂದಳು. ಮಂಚದ ಕಾಲು ಹಿಡಿದುಕೊಂಡಳು. ಹೊಟ್ಟೆ ಹಿಡಿದುಕೊಂಡಳು. ತನಗೆ ಏನಾಗುತ್ತಿದೆ ಅಂತ ತಿಳಿಯದೆ, ನಿಲ್ಲಿಸುವುದು ಹೇಗೆ ಅಂತಲೂ ತಿಳಿಯದೆ, ನೆಲದ ಮೇಲೆ ಕೂತು, ಸೊಸೆ ಗೊಳ್ಳೆಂದು ನಕ್ಕಳು.

ಅತ್ತೆ ಅವಳನ್ನು ನೋಡಿದಳು. ಮೀಸೆಗೂ ಬೇಳೆಗೂ ಏನು ನಂಟು, ಬಾವಿಕಟ್ಟೆಯಲ್ಲಿ ಏನಾಯಿತು, ಅವಳಿಗೆ ಒಂದೂ ಗೊತ್ತಿರಲಿಲ್ಲ. ಆದರೂ ನಗಲು ಶುರುಮಾಡಿದಳು.